ಸಪ್ಪಳ ಬ್ಯಾರೆ ಆತು

ರಾತ್ರಿ ಎರಡೂ ಹತ್ತು. ಬೆಟಗೇರಿ ಕಡೆಯಿಂದ
ಗೂಡ್ಸ್ ಗಾಡಿ ಹಾದು ಹೋದ ಮ್ಯಾಲೆ
ವಾರ್ಡಿನ್ಯಾಗ ಉಳಿದದ್ದು ಹನ್ನೊಂದು ಮಂದಿ ಉಸಿರು.
ಅದರಾಗ ಒಂದರ ಸಪ್ಪಳ ಬ್ಯಾರೆ ಆಗಿತ್ತು.

ಆರನೇ ಮಂಚ. ಅಂಬುಬಾಯಿ ಬಾಕಳೆ, ಐವತ್ತೆಂಟು,
ಪಿತ್ತಕೋಶದ ಆಪರೇಶನ್ ಆಗಿ ಎರಡನೇ ರಾತ್ರಿ.
ನಲವತ್ತು ವರ್ಷ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟಾಕಿ.
ಸಂಜಿಮುಂದ ಸಲಾಯಿನ್ ಬದಲಿ ಮಾಡುವಾಗ ಕೇಳಿದ್ದೆ,
"ಎಳಿ ಹರಿಯೂದು ನಿಮಗ ಹೆಂಗ ಗೊತ್ತಾಕೈತಿ?"
"ಹರಿಯೂಕಿಂತ ಮೊದಲ ಲಾಳಿ ಸಪ್ಪಳ ಬ್ಯಾರೆ ಆಕೈತಿ,
ಕಣ್ಣಿಗೆ ಕಾಣೂದು ಆಮ್ಯಾಲೆ," ಅಂದಿದ್ಲು,
ಇಷ್ಟೂ ತಿಳೀವಲ್ದೇನು ಅನ್ನೂ ಹಂಗ ನಕ್ಕು.

ಬಿಪಿ ನೂರಾಹತ್ತು, ಎಪ್ಪತ್ತು. ನಾಡಿ ತೊಂಬತ್ತಾರು.
ಬೆರಳಿಗೆ ಚಿಮಟಿ ಹಾಕಿದ್ರ ತೊಂಬತ್ನಾಕು.
ಅಂಕಿ ಎಲ್ಲಾ ಮಾನವಂತರ ಹಂಗ ಸಾಲಾಗಿ ಕುಂತಿದ್ದುವು.
ಅಂಗೈ ಮಾತ್ರ ತಣ್ಣಗ, ಹಸಿ ಹಸಿ;
ಹೊಚ್ಚಿದ್ದ ಚಾದರ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಾಕತ್ತಿದ್ಲು.
"ಯಾಕೋ ಸರಿ ಇಲ್ಲ ತಂಗಿ." ಅಷ್ಟ ಅಂದ್ಲು.

ಫೋನಿಗೆ ನಾಲ್ಕು ಹೆಜ್ಜಿ.

ಹಿಂದ ಒಮ್ಮೆ ಹಿಂಗ ಕರೆದಿದ್ದೆ. ಸಾಹೇಬ್ರು
ನಿದ್ದಿಗಣ್ಣಿಲೆ ಕಾರ್ ಹೊಡಕೊಂಡು ಬಂದು, ಹೊಟ್ಟಿ ಒತ್ತಿ ನೋಡಿ,
ಎಲ್ಲಾರ ಎದುರಿಗೆ, ಪೇಶಂಟನ ಅಳಿಯನ ಎದುರಿಗೆ,
"ಗ್ಯಾಸ್ ಇದು ಸಿಸ್ಟರ್, ಗ್ಯಾಸ್!" ಅಂದ್ರು.
ಅವತ್ತಿಂದ ನಾ ಗ್ಯಾಸ್ ಸಿಸ್ಟರ್.
ಎದಿ ಮ್ಯಾಲಿನ ಬಿಲ್ಲೆದಾಗ ಶಾರವ್ವ ಚಲವಾದಿ ಅಂತ ಐತಿ.
ಅದನ್ನ ಓದಿದ ಕೆಲವರು
ನೀರಿನ ಲೋಟ ತಾವ ತುಂಬಿಕೊಂಡಾರ.

ವಾರ್ಡಿನ ಫೋನಿನಿಂದ ಹೊರಗ ಕರೆ ಹೋಗಂಗಿಲ್ಲ, ಬರೂದಷ್ಟ.
ಗ್ವಾಡಿ ಮ್ಯಾಲಿನ ಹಾಳಿ ಹೇಳತೈತಿ:
ಸರ್ಜನ್ ಸಾಹೇಬರಿಗೆ ಸಿಬ್ಬಂದಿ ನೇರವಾಗಿ ಫೋನ್ ಮಾಡತಕ್ಕದ್ದಲ್ಲ.
ಮೊದಲು ಡ್ಯೂಟಿ ಡಾಕ್ಟರ್.

ಡ್ಯೂಟಿ ಡಾಕ್ಟರು ಇಪ್ಪತ್ತಾರರ ಹುಡುಗ. ಬಾಗಲಾ ಅರ್ಧ ತೆರೆದು
"ಬಿಪಿ ಎಷ್ಟು? ಸ್ಯಾಚುರೇಶನ್?" ಹೇಳಿದೆ.
"ಮತ್ತೇನ್ರಿ ಪ್ರಾಬ್ಲಂ?"
ಅವನೂ ಅಂಜತಾನ, ಅವಗೂ ಒಂದು ಅಡ್ಡಹೆಸರು ಇಟ್ಟಾರ.
ಆದ್ರ ಮತ್ತೇನ್ರಿ ಅಂದ್ರ ಏನು ಹೇಳ್ಲಿ?
ಚಾದರ ಹಿಡಿದು ಬಿಡೂದಕ್ಕ ಯಾವ ಅಂಕಿ ಬರೀಲಿ?
ಹದಿನೆಂಟು ವರ್ಷ ಮೈ ಮುಟ್ಟಿದ ಕೈಗೆ ಗೊತ್ತಿದ್ದದ್ದು
ನಾಲಿಗಿಗೆ ಬರೂದ್ರಾಗ ಕ್ಷಮಾ ಕೇಳೂ ಮಾತಾಗಿತ್ತು:
"ಏನೂ ಇರಲಿಕ್ಕಿಲ್ರಿ ಸರ್, ಆದ್ರೂ ಒಂಚೂರು..."
"ಅರ್ಧಾ ತಾಸು ಬಿಟ್ಟು ಮತ್ತ ನೋಡ್ರಿ."

ಟ್ರೇ ಹಿಡಕೊಂಡು ನಿಂತಿದ್ದ ಟ್ರೇನಿಂಗ್ ಹುಡುಗಿ ನಿವೇದಿತಾ
"ಅಕ್ಕಾರ, ದೊಡ್ಡ ಸಾಹೇಬ್ರಿಗೆ ಹಚ್ಚೂನ್ರಿ?" ಅಂದಳು.
"ತಡಿ," ಅಂದೆ.
ಆ ಶಬ್ದ ಆಕಿಗೆ ಕಲಿಸಿದಾಕಿ ನಾನ.

ಎರಡೂ ಮೂವತ್ತೊಂದಕ್ಕ ನನ್ನ ಮೊಬೈಲಿಂದ ಹಚ್ಚಿದೆ.
"ಸರ್, ಆರನೇ ಮಂಚದವರ ಅಂಕಿ ಸರಿ ಅದಾವ.
ಅವರು ಸರಿ ಇಲ್ಲ. ಬರ್ರಿ."
ಆ ಕಡೆ ಫ್ಯಾನಿನ ಸಪ್ಪಳ. ಒಂದು ಕೆಮ್ಮು.
"ಯಾರು?"
"ಗ್ಯಾಸ್ ಸಿಸ್ಟರ್ರೀ."

ಬಂದ್ರು. ಉಲ್ಟಾ ಹಾಕಿದ ಅಂಗಿಲೆ ಬಂದ್ರು.
ಒಳಗ ರಕ್ತ ಸೋರಾಕತ್ತಿತ್ತು. ಬೆಳಕು ಹರಿಯೂತನಕ
ಥಿಯೇಟರಿನ ಕೆಂಪು ದೀಪ ಆರಲಿಲ್ಲ.
ಯಾರೂ ನನ್ನ ಬೈಲಿಲ್ಲ. ಯಾರೂ ಏನೂ ಅನ್ನಲಿಲ್ಲ.
ಕೇಸ್ ಹಾಳಿದಾಗ ಬರದೆ: 2.31, ತಿಳಿಸಲಾಯಿತು.
ಅದರ ಹಿಂದಿನ ಇಪ್ಪತ್ತೊಂದು ನಿಮಿಷಕ್ಕ
ಆ ಹಾಳಿದಾಗ ಖಾನೆ ಇಲ್ಲ.

ಒಂಬತ್ತನೇ ದಿನ ಹೊಲಿಗಿ ಬಿಚ್ಚುವಾಗ
ಅಂಬುಬಾಯಿ ಛಾವಣಿ ನೋಡಿಕೋತ ಕೇಳಿದ್ಲು:
"ಸಪ್ಪಳ ಬ್ಯಾರೆ ಆಗಿದ್ದು ಯಾವಾಗ ಗೊತ್ತಾತು ನಿನಗ?"
"ಎರಡೂ ಹತ್ತಕ್ಕ."
ಒಂದು ದಾರ ಕತ್ತರಿಸಿದೆ. ಇನ್ನೊಂದು ಕತ್ತರಿಸಿದೆ.
"ಮತ್ತ," ಅಂದ್ಲು, ಸಿಟ್ಟಿಲ್ಲದ, ಕಸಬಿನವರು ಕಸಬಿನವರಿಗೆ ಕೇಳೂ ಹಂಗ,
"ಲಾಳಿ ಯಾಕ ನಿಂದರಿಸಲಿಲ್ಲ?"